ಬಾಡಿಗೆ ಮನೆಯ ಸಾಮಾನು, ನೆರೆಯ ನೀರು: ಅಮೆರಿಕದ ಪ್ರವಾಹ ವಿಮೆಯ ಚರಿತ್ರೆಯಲ್ಲಿ ಬಾಡಿಗೆದಾರರು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದ ಕುಟುಂಬವು ತನ್ನ ಮನೆಸಾಮಾನಿಗೆ ಸಾಮಾನ್ಯ ವಿಮೆ ಮಾಡಿಸಿಕೊಂಡಾಗ, ಆ ವಿಮೆ ಬೆಂಕಿ, ಕಳವು, ಒಡೆದ ನೀರಿನ ಕೊಳವೆ ಮುಂತಾದ ಹಲವು ಅನಾಹುತಗಳಿಗೆ ಅನ್ವಯಿಸುತ್ತದೆ. ಆದರೆ ಹೊರಗಿನ ನೆಲದ ಮೇಲೆ ಏರಿ ಬಂದ ನೀರು ಹೊಸ್ತಿಲು ದಾಟಿ ಒಳನುಗ್ಗಿದರೆ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆಯದೇ ಪಾಲಿಸಿ ಬೇಕು. ಅದನ್ನು ಬಹುಮಟ್ಟಿಗೆ ಒಕ್ಕೂಟ ಸರ್ಕಾರದ ರಾಷ್ಟ್ರೀಯ ಪ್ರವಾಹ ವಿಮಾ ಕಾರ್ಯಕ್ರಮದ ಮೂಲಕವೇ ಪಡೆಯಬೇಕು. ಪಡೆಯಬೇಕೋ ಬೇಡವೋ ಎಂಬುದನ್ನು ಬಾಡಿಗೆದಾರರು ತಾವೇ ಯೋಚಿಸಿ ನಿರ್ಧರಿಸಬೇಕು. ಮೇಲ್ನೋಟಕ್ಕೆ ಇದು ಒಂದು ಸಂಸಾರದ ಆಯವ್ಯಯಕ್ಕೆ ಸೇರಿದ ಸಣ್ಣ ಪ್ರಶ್ನೆಯಂತೆ ಕಾಣುತ್ತದೆಯಾದರೂ, ನೀರಿನ ಹಾನಿಯನ್ನು ಬೆಂಕಿಯ ಹಾನಿಯಿಂದ ಬೇರ್ಪಡಿಸಿದ್ದು ಯಾರು, ಕಟ್ಟಡದ ವಿಮೆಗೆ ಕಾನೂನಿನ ಒತ್ತಾಯವಿದ್ದು ಸಾಮಾನಿನ ವಿಮೆಗೆ ಇಲ್ಲದಿರುವುದು ಏಕೆ, ಮನೆಯ ಒಡೆಯರಿಗೆ ತಿಳಿದಿರುವ ಅಪಾಯ ಬಾಡಿಗೆದಾರರಿಗೆ ತಿಳಿಯದೆ ಉಳಿದದ್ದು ಹೇಗೆ ಎಂದು ಹಿಂದಕ್ಕೆ ಹುಡುಕುತ್ತ ಹೋದರೆ, ಆ ಪ್ರಶ್ನೆಯ ಹಿಂದೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ. ಆ ಚರಿತ್ರೆಯ ಉದ್ದಕ್ಕೂ ಪ್ರವಾಹ ವಿಮೆಯ ಚಿಂತನೆಯು ಮನೆ, ಮನೆಯ ಒಡೆಯ ಮತ್ತು ಮನೆಯ ಮೇಲಿನ ಸಾಲ ಎಂಬ ಮೂರರ ಸುತ್ತಲೇ ಬೆಳೆಯಿತು. ಅದೇ ಮನೆಯಲ್ಲಿ ಬದುಕುತ್ತಿದ್ದ, ಆದರೆ ಅದರ ಒಡೆತನವಿಲ್ಲದ ಜನ ಕಾನೂನಿನ ಅಕ್ಷರದಲ್ಲಿ ಮೊದಲಿನಿಂದಲೂ ಇದ್ದು, ಅದರ ಆಚರಣೆಯಲ್ಲಿ ಬಹುಕಾಲ ಅಂಚಿನಲ್ಲೇ ಉಳಿದರು.

ಖಾಸಗಿ ವಿಮಾ ವ್ಯಾಪಾರವು ನೆರೆಯ ಹಾನಿಯನ್ನು ವಹಿಸಿಕೊಳ್ಳಲು ಮಾಡಿದ ಮೊದಮೊದಲ ಪ್ರಯತ್ನಗಳಲ್ಲಿ ಒಂದು ನಡೆದದ್ದು ಇಲಿನಾಯ್ ರಾಜ್ಯದ ಕೈರೋ ಎಂಬ ಪಟ್ಟಣದಲ್ಲಿ. ಓಹಿಯೋ ನದಿಯು ಮಿಸಿಸಿಪ್ಪಿಯನ್ನು ಕೂಡುವ ಸಂಗಮದ ನೆಲದ ಮೇಲಿರುವ ಈ ಪಟ್ಟಣದಲ್ಲಿ ಕಚೇರಿಯಿಟ್ಟುಕೊಂಡಿದ್ದ ಕಂಪನಿಯೊಂದು 1895 ಮತ್ತು 1896ರ ನೆರೆಗಳ ತರುವಾಯ ಮಿಸೌರಿ ಮತ್ತು ಮಿಸಿಸಿಪ್ಪಿ ನದಿಗಳ ದಂಡೆಯ ಆಸ್ತಿಪಾಸ್ತಿಗಳಿಗೆ ಪ್ರವಾಹ ವಿಮೆಯನ್ನು ಮಾರತೊಡಗಿತು. 1899ರಲ್ಲಿ ಎರಡು ಬಾರಿ ನೆರೆ ಬಂದಿತು. ಪರಿಹಾರದ ಮೊತ್ತ ಸಂಗ್ರಹವಾಗಿದ್ದ ಕಂತುಗಳನ್ನು ಮೀರಿತಷ್ಟೇ ಅಲ್ಲ, ಎರಡನೆಯ ನೆರೆಯಲ್ಲಿ ಕಂಪನಿಯ ಪ್ರಧಾನ ಕಚೇರಿಯೇ ಕೊಚ್ಚಿಹೋಯಿತು. ವಿಮಾಶಾಸ್ತ್ರದ ಪುಸ್ತಕಗಳು ಈ ಪ್ರಸಂಗವನ್ನು ಮತ್ತೆ ಮತ್ತೆ ಉಲ್ಲೇಖಿಸುವುದಕ್ಕೆ ಕಾರಣವಿದೆ. ಬೆಂಕಿಯ ವಿಮೆ ನಡೆಯುವುದು ಸಾವಿರ ಮನೆಗಳಲ್ಲಿ ಒಂದೆರಡಕ್ಕೆ ಮಾತ್ರ ಒಂದು ವರ್ಷದಲ್ಲಿ ಬೆಂಕಿ ಬೀಳುತ್ತದೆ ಎಂಬ ಲೆಕ್ಕದ ಮೇಲೆ, ಅಂದರೆ ಅನೇಕರ ಕಂತಿನಿಂದ ಕೆಲವರ ನಷ್ಟವನ್ನು ತುಂಬುವ ಕ್ರಮದ ಮೇಲೆ. ನೆರೆ ಬಂದಾಗ ಒಂದು ಕಣಿವೆಯ ಎಲ್ಲ ಮನೆಗಳೂ ಒಂದೇ ದಿನ ಮುಳುಗುತ್ತವೆ. ಅದರ ಮೇಲೆ, ವಿಮೆ ಕೊಳ್ಳಲು ಬರುವವರು ನದಿಯ ಪಕ್ಕದವರೇ ಹೊರತು ದಿಬ್ಬದ ಮೇಲಿನವರಲ್ಲ. ಅಪಾಯ ಹೆಚ್ಚಿರುವವರಷ್ಟೇ ವಿಮೆಗೆ ಮುಂದೆ ಬರುವ ಈ ಪ್ರವೃತ್ತಿಯನ್ನು ವಿಮಾಶಾಸ್ತ್ರವು ಪ್ರತಿಕೂಲ ಆಯ್ಕೆ ಎಂದು ಕರೆಯುತ್ತದೆ, ಮತ್ತು ಇವೆರಡು ತೊಡಕುಗಳಿಂದ ಪ್ರವಾಹ ವಿಮೆಯು ಇಂದಿಗೂ ಪೂರ್ತಿ ಬಿಡಿಸಿಕೊಂಡಿಲ್ಲ.

ಕೈರೋದ ಪಾಠ ಬೇಗನೆ ಮರೆತುಹೋಯಿತು. 1920ರ ದಶಕದ ಮಧ್ಯದಲ್ಲಿ ಸುಮಾರು ಮೂವತ್ತು ಅಗ್ನಿವಿಮಾ ಕಂಪನಿಗಳು ಪುನಃ ಪ್ರವಾಹ ವಿಮೆಯನ್ನು ಮಾರಲು ಮುಂದಾದವು, ವೃತ್ತಿಪತ್ರಿಕೆಗಳು ಅವುಗಳ ಧೈರ್ಯವನ್ನು ಹೊಗಳಿದವು. ಆಮೇಲೆ 1927 ಬಂದಿತು. ಆ ವರ್ಷದ ಏಪ್ರಿಲ್ 21ರಂದು ಮಿಸಿಸಿಪ್ಪಿ ರಾಜ್ಯದ ಗ್ರೀನ್‌ವಿಲ್ ಪಟ್ಟಣದ ಉತ್ತರಕ್ಕೆ ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ನದಿಯ ಏರಿ ಒಡೆದು, ಕೆಳಹರಿವಿನ ಉದ್ದಕ್ಕೂ ಒಂದರ ಹಿಂದೊಂದು ಏರಿಗಳು ಬಿರಿದು, ಸುಮಾರು 27,000 ಚದರ ಮೈಲಿ ನೆಲ ಮುಳುಗಿತು. 6 ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. 1927 ಮತ್ತು 1928ರ ನೆರೆಗಳ ನಷ್ಟ ಕಂಡ ವಿಮಾ ಕಂಪನಿಗಳು ನೆರೆಯ ಹಾನಿಯನ್ನು ಪಾಲಿಸಿಯಿಂದ ಹೊರಗಿಟ್ಟವು. ಇಂದಿನ ಬಾಡಿಗೆದಾರರ ಪಾಲಿಸಿಯಲ್ಲಿ ಹೊರಗಿನಿಂದ ಬಂದ ನೀರನ್ನು ಹೊರತುಪಡಿಸುವ ಷರತ್ತಿನ ಹಿಂದಿರುವುದು ಆ ಹಿಂತೆಗೆತವೇ.

1927ರ ನೆರೆಯಲ್ಲಿ ಈ ಚರ್ಚೆಗೆ ಅತ್ಯಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ಮುಳುಗಿದ ಹತ್ತಿಯ ನಾಡಿನ ಬಹುಸಂಖ್ಯಾತ ನಿವಾಸಿಗಳು ಕೋರಿಗೆ, ಎಂದರೆ ಬೆಳೆಯ ಪಾಲಿಗೆ, ದುಡಿಯುತ್ತಿದ್ದ ಆಫ್ರಿಕನ್ ಅಮೆರಿಕನ್ ಗೇಣಿ ರೈತರು. ಅವರು ವಾಸವಾಗಿದ್ದ ಗುಡಿಸಲು ಜಮೀನುದಾರನದು, ಉಳುವ ನೆಲ ಜಮೀನುದಾರನದು, ಅನೇಕರ ಪಾಲಿಗೆ ಹೇಸರಗತ್ತೆ ಮತ್ತು ಬಿತ್ತನೆ ಬೀಜವೂ ಜಮೀನುದಾರನ ಸಾಲದ ಲೆಕ್ಕದಲ್ಲೇ ಬಂದದ್ದು. ಅವರದೆಂದು ಹೇಳಬಹುದಾಗಿದ್ದುದು ಹಾಸಿಗೆ, ಪಾತ್ರೆಪಡಗ, ಬಟ್ಟೆಬರೆ, ನಾಲ್ಕು ಕೋಳಿ ಇಷ್ಟೇ. ರೆಡ್ ಕ್ರಾಸ್ ಸಂಸ್ಥೆಯ ಪರಿಹಾರ ಸಾಮಗ್ರಿ ಅನೇಕ ಕಡೆಗಳಲ್ಲಿ ಜಮೀನುದಾರರ ಕೈಯಿಂದಲೇ ಹಂಚಿಕೆಯಾಯಿತು. ಗ್ರೀನ್‌ವಿಲ್ಲಿನಲ್ಲಿ ಏರಿಯ ಮೇಲೆ ಬಿಡಾರ ಹೂಡಿದ್ದ ಕರಿಯ ನಿರಾಶ್ರಿತರು ಊರುಬಿಟ್ಟು ಹೋದರೆ ಹತ್ತಿಯ ಹೊಲಗಳಿಗೆ ಆಳು ಸಿಗದೆಂಬ ಭಯದಿಂದ ಅವರನ್ನು ಸಶಸ್ತ್ರ ಪಹರೆಯಲ್ಲಿ ಅಲ್ಲೇ ತಡೆದು ನಿಲ್ಲಿಸಲಾಯಿತು, ಕೊರಳಿಗೆ ಚೀಟಿ ಕಟ್ಟಿಕೊಂಡವರಿಗಷ್ಟೇ ಪಡಿತರ ದೊರೆಯಿತು. ಅದೇ ಏಪ್ರಿಲ್ 29ರಂದು ನ್ಯೂ ಆರ್ಲಿಯನ್ಸ್ ನಗರವನ್ನು ಉಳಿಸುವ ಸಲುವಾಗಿ ಅದರ ಕೆಳಗಿನ ಕರ್ನಾರ್ವನ್ ಎಂಬಲ್ಲಿ ಏರಿಯನ್ನು ಸಿಡಿಮದ್ದಿಟ್ಟು ಒಡೆದಾಗ, ಸೇಂಟ್ ಬರ್ನಾರ್ಡ್ ಮತ್ತು ಪ್ಲಾಕಮಿನ್ಸ್ ಜಿಲ್ಲೆಗಳ ಜೌಗಿನಲ್ಲಿ ತುಪ್ಪಳದ ಪ್ರಾಣಿಗಳನ್ನು ಹಿಡಿದು ಬದುಕುತ್ತಿದ್ದ ಕುಟುಂಬಗಳಿಗೆ ನಗರದ ಹಣವಂತರು ಪರಿಹಾರದ ಮಾತು ಕೊಟ್ಟಿದ್ದರು. ಬಹುಪಾಲು ಮಂದಿಗೆ ಕೊನೆಗೆ ಸಿಕ್ಕಿದ್ದು ಅತ್ಯಲ್ಪ. ನಷ್ಟವನ್ನು ಹಣದಲ್ಲಿ ಅಳೆಯುವಾಗ ಒಡೆತನದ ದಾಖಲೆ ಇರುವ ಆಸ್ತಿಗೆ ಸಿಗುವ ತೂಕ, ದಾಖಲೆಯಿಲ್ಲದ ಮನೆಸಾಮಾನಿಗೂ ಋತುಮಾನದ ಕೂಲಿಗೂ ಸಿಗುವುದಿಲ್ಲ ಎಂಬ ಕಹಿಸತ್ಯ ಇಲ್ಲಿ ಮೊದಲ ಬಾರಿಗೆ ದೇಶದ ಪ್ರಮಾಣದಲ್ಲಿ ಗೋಚರವಾಯಿತು.

ಈ ದುರಂತಕ್ಕೆ ಸರ್ಕಾರ ಕೊಟ್ಟ ಉತ್ತರ ವಿಮೆಯಾಗಿರಲಿಲ್ಲ, ಕಟ್ಟಡಕಾಮಗಾರಿಯಾಗಿತ್ತು. 1928ರ ಪ್ರವಾಹ ನಿಯಂತ್ರಣ ಕಾಯಿದೆಯು ಮಿಸಿಸಿಪ್ಪಿಯ ಕೆಳಗಿನ ಕಣಿವೆಯ ಏರಿಗಳ ಹೊಣೆಯನ್ನು ಒಕ್ಕೂಟ ಸರ್ಕಾರಕ್ಕೆ ವಹಿಸಿತು. ಅದೇ ಕಾಯಿದೆಯ ಇನ್ನೊಂದು ಕಲಮು, ನೆರೆಯ ನೀರಿನಿಂದಾದ ಹಾನಿಗೆ ಸರ್ಕಾರವು ಯಾವ ಬಗೆಯಲ್ಲೂ ಬಾಧ್ಯವಲ್ಲ ಎಂದು ವಿಧಿಸಿತು. 1936ರ ಕಾಯಿದೆ ಇದೇ ನೀತಿಯನ್ನು ದೇಶದ ಇತರ ನದಿಗಳಿಗೂ ವಿಸ್ತರಿಸಿತು. ಏರಿ, ಅಣೆಕಟ್ಟು, ಕಾಲುವೆಗಳ ಈ ಯುಗದಲ್ಲಿ ಭಿನ್ನವಾಗಿ ಯೋಚಿಸಿದವರು ಭೂಗೋಳ ವಿದ್ವಾಂಸ ಗಿಲ್ಬರ್ಟ್ ವೈಟ್. ಶಿಕಾಗೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ 1945ರಲ್ಲಿ ಪ್ರಕಟವಾದ ಅವರ ಪ್ರಬಂಧದ ಮುಖ್ಯ ವಾದವೆಂದರೆ, ಮಳೆ ಮತ್ತು ನದಿ ಪ್ರಕೃತಿಯ ವ್ಯಾಪಾರವಾದರೂ ನೆರೆಯ ನಷ್ಟದ ಬಹುಪಾಲು ಮನುಷ್ಯರು ಎಲ್ಲಿ ಕಟ್ಟುತ್ತಾರೆ, ಹೇಗೆ ಕಟ್ಟುತ್ತಾರೆ ಎಂಬುದರಿಂದ ಹುಟ್ಟುತ್ತದೆ. ಆದ್ದರಿಂದ ನದಿಯನ್ನು ಕಟ್ಟಿಹಾಕುವುದರ ಜೊತೆಗೆ ನೆಲದ ಬಳಕೆಯ ನಿಯಂತ್ರಣ, ಮುನ್ಸೂಚನೆ, ವಿಮೆ ಮುಂತಾದ ಹಲವು ಹೊಂದಾಣಿಕೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರವಾಹ ವಿಮೆಯನ್ನು ಕಾನೂನಾಗಿ ರೂಪಿಸಿದವರಿಗೆ ಈ ವಾದವೇ ಮುಂದೆ ತಳಹದಿಯಾಯಿತು.

1951ರಲ್ಲಿ ಕ್ಯಾನ್ಸಸ್ ಮತ್ತು ಮಿಸೌರಿ ನದಿಗಳು ಉಕ್ಕಿದಾಗ ಅಧ್ಯಕ್ಷ ಟ್ರೂಮನ್ ಪ್ರವಾಹ ವಿಮೆಯ ಪ್ರಸ್ತಾವವನ್ನು ದೇಶದ ಶಾಸನಸಭೆಯಾದ ಕಾಂಗ್ರೆಸ್ಸಿನ ಮುಂದಿಟ್ಟರು, ಅದು ಅಂಗೀಕಾರವಾಗಲಿಲ್ಲ. 1955ರ ಆಗಸ್ಟಿನಲ್ಲಿ ಕಾನಿ ಮತ್ತು ಡಯಾನ್ ಎಂಬ ಚಂಡಮಾರುತಗಳು ಈಶಾನ್ಯದ ರಾಜ್ಯಗಳನ್ನು ಮುಳುಗಿಸಿದ ಮೇಲೆ, 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಪ್ರವಾಹ ವಿಮಾ ಕಾಯಿದೆಗೆ ಸಹಿ ಹಾಕಿದರು; ಕಾಂಗ್ರೆಸ್ ಅದಕ್ಕೆ ಹಣ ಒದಗಿಸಲಿಲ್ಲವಾಗಿ ಒಂದೇ ಒಂದು ಪಾಲಿಸಿಯನ್ನೂ ಮಾರದೆ ಆ ಯೋಜನೆ ಮುಗಿದುಹೋಯಿತು. 1965ರ ಸೆಪ್ಟೆಂಬರಿನಲ್ಲಿ ಬೆಟ್ಸಿ ಚಂಡಮಾರುತವು ನ್ಯೂ ಆರ್ಲಿಯನ್ಸಿನ ಬಡ ಬಡಾವಣೆಗಳನ್ನು ಮುಳುಗಿಸಿ, ಹಾನಿಯ ಮೊತ್ತ ಅಮೆರಿಕದ ಚರಿತ್ರೆಯಲ್ಲಿ ಮೊದಲ ಬಾರಿಗೆ ನೂರು ಕೋಟಿ ಡಾಲರನ್ನು ದಾಟಿದಾಗ, ಪ್ರತಿ ದುರಂತದ ಬೆನ್ನಿಗೆ ವಿಶೇಷ ಪರಿಹಾರ ಕಾಯಿದೆ ಮಾಡುವ ಪದ್ಧತಿ ಇನ್ನು ಸಾಗದೆಂಬ ಅರಿವು ಬಲಿಯಿತು. 1966ರಲ್ಲಿ ವೈಟ್ ಅವರ ಅಧ್ಯಕ್ಷತೆಯ ಕಾರ್ಯಪಡೆಯು ತನ್ನ ವರದಿಯಲ್ಲಿ, ವಿಮೆಯನ್ನು ಎಚ್ಚರದಿಂದ ರೂಪಿಸದಿದ್ದರೆ ಅದು ಜನರನ್ನು ನೆರೆಬಯಲಿನಿಂದ ದೂರವಿಡುವುದರ ಬದಲು ಅಲ್ಲಿಗೇ ಸೆಳೆಯಬಹುದೆಂದು ಎಚ್ಚರಿಸಿತು.

1968ರ ಆಗಸ್ಟ್ 1ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವಸತಿ ಮತ್ತು ನಗರಾಭಿವೃದ್ಧಿ ಕಾಯಿದೆಯ ಒಂದು ಭಾಗವಾಗಿ ರಾಷ್ಟ್ರೀಯ ಪ್ರವಾಹ ವಿಮಾ ಕಾಯಿದೆ ಜಾರಿಗೆ ಬಂದಿತು. ಅದರ ಹೂರಣ ಒಂದು ಕೊಡುಕೊಳ್ಳುವ ಒಪ್ಪಂದ: ಊರು ಅಥವಾ ಜಿಲ್ಲೆಯ ಆಡಳಿತವು ತನ್ನ ನೆರೆಬಯಲಿನಲ್ಲಿ ಕಟ್ಟಡ ಕಟ್ಟುವುದಕ್ಕೆ ನಿಯಮಗಳನ್ನು ವಿಧಿಸಬೇಕು, ಪ್ರತಿಯಾಗಿ ಅಲ್ಲಿನ ನಿವಾಸಿಗಳಿಗೆ ಸರ್ಕಾರದ ಬೆಂಬಲದ ವಿಮೆ ದೊರೆಯಬೇಕು. ಒಂದು ಕುಟುಂಬದ ಮನೆಯ ಕಟ್ಟಡಕ್ಕೆ ಗರಿಷ್ಠ 17,500 ಡಾಲರ್, ಒಳಗಿನ ಸಾಮಾನಿಗೆ ವಾಸದ ಪ್ರತಿ ಘಟಕಕ್ಕೆ 5,000 ಡಾಲರ್ ಎಂದು ಸಬ್ಸಿಡಿ ದರದ ವಿಮೆಯ ಮಿತಿಯನ್ನು ನಿಗದಿಪಡಿಸಲಾಗಿತ್ತು. ವಾಸದ ಪ್ರತಿ ಘಟಕಕ್ಕೆ ಎಂಬ ಈ ಮಾತು ಗಮನಾರ್ಹ; ಹತ್ತು ಬಿಡಾರಗಳಿರುವ ಕಟ್ಟಡದಲ್ಲಿ ಹತ್ತು ಸಂಸಾರಗಳೂ ತಮ್ಮ ತಮ್ಮ ಸಾಮಾನಿಗೆ ಬೇರೆ ಬೇರೆಯಾಗಿ ವಿಮೆ ಪಡೆಯುವ ಹಾದಿ ಇದರಿಂದ ತೆರೆಯಿತು. ಅಂದರೆ ಬಾಡಿಗೆದಾರರನ್ನು ಕಾನೂನು ಮರೆತಿರಲಿಲ್ಲ. ಅವರಿಗೆ ಬಾಗಿಲು ತೆರೆದಿಟ್ಟಿತ್ತು, ಆ ಬಾಗಿಲು ಎಲ್ಲಿದೆ ಎಂದು ತಿಳಿಸುವ ಹೊಣೆಯನ್ನು ಮಾತ್ರ ಯಾರ ಮೇಲೂ ಹೊರಿಸಿರಲಿಲ್ಲ.

ಮೊದಲ ಕೆಲವು ವರ್ಷ ಕೊಳ್ಳುವವರೇ ವಿರಳವಾಗಿದ್ದರು. 1972ರ ಜೂನಿನಲ್ಲಿ ಆಗ್ನೆಸ್ ಚಂಡಮಾರುತವು ಪೆನ್ಸಿಲ್ವೇನಿಯದ ಸಸ್ಕ್ವೆಹಾನ ಕಣಿವೆಯನ್ನು, ಅದರಲ್ಲೂ ವಿಲ್ಕ್ಸ್-ಬ್ಯಾರಿ ಪಟ್ಟಣವನ್ನು ಮುಳುಗಿಸಿದಾಗ ವಿಮೆಯಿದ್ದ ಮನೆಗಳು ಬೆರಳೆಣಿಕೆಯಷ್ಟೇ ಎಂಬುದು ಬಯಲಾಯಿತು. ಇದಕ್ಕೆ ಪರಿಹಾರವಾಗಿ ಬಂದ 1973ರ ಪ್ರವಾಹ ವಿಪತ್ತು ರಕ್ಷಣಾ ಕಾಯಿದೆಯು ಒತ್ತಾಯದ ಹಾದಿ ಹಿಡಿಯಿತು: ಸರ್ಕಾರದ ನಿಯಂತ್ರಣಕ್ಕೊಳಪಟ್ಟ ಅಥವಾ ಸರ್ಕಾರದ ಖಾತರಿಯಿರುವ ಸಾಲ ಪಡೆದು ಹೆಚ್ಚು ಅಪಾಯದ ವಲಯದಲ್ಲಿ ಮನೆ ಕೊಳ್ಳುವವರು ಪ್ರವಾಹ ವಿಮೆಯನ್ನು ಕೊಳ್ಳಲೇಬೇಕು. ಪ್ರವಾಹ ವಿಮೆಯ ಇಡೀ ಚರಿತ್ರೆಯ ತಿರುವು ಇದೇ ಎನ್ನಬೇಕು. ಈ ನಿಯಮ ಕಾಪಾಡುವುದು ಮೊದಲಿಗೆ ಬ್ಯಾಂಕಿನ ಅಡಮಾನವನ್ನು; ಕಟ್ಟಡ ಕೊಚ್ಚಿಹೋದರೂ ಸಾಲ ಕೊಚ್ಚಿಹೋಗದಂತೆ ನೋಡಿಕೊಳ್ಳುವುದು ಅದರ ತರ್ಕ. ಅಡಮಾನವಿದ್ದವರಿಗೆ ವಿಮೆ ಸಾಲದ ಕಾಗದದ ಜೊತೆಗೇ ಬಂದಿತು; ಮನೆ ಯಾವ ವಲಯದಲ್ಲಿದೆ ಎಂದು ಸಾಲ ಕೊಡುವವರೇ ನಕ್ಷೆ ನೋಡಿ ಪತ್ರದ ಮೂಲಕ ತಿಳಿಸಿದರು. ಬಾಡಿಗೆದಾರರಿಗೆ ಅಡಮಾನವಿಲ್ಲ, ಆದ್ದರಿಂದ ಒತ್ತಾಯವೂ ಇಲ್ಲ, ಒತ್ತಾಯದ ಜೊತೆಗೆ ಬರುವ ತಿಳಿವಳಿಕೆಯೂ ಇಲ್ಲ. ಮನೆಯೊಡೆಯರು ಕಟ್ಟಡಕ್ಕೆ ವಿಮೆ ಮಾಡಿಸಿದ್ದರೆ ಅದು ಗೋಡೆ, ನೆಲ, ವಿದ್ಯುತ್ ಜಾಲಕ್ಕೆ ಅನ್ವಯಿಸಿತೇ ಹೊರತು ಒಳಗೆ ಬಾಳುವವರ ಮಂಚಕ್ಕೂ ಪುಸ್ತಕಕ್ಕೂ ಅಲ್ಲ. ಆದರೂ ಒಡೆಯರ ವಿಮೆ ತಮ್ಮನ್ನೂ ಕಾಯುತ್ತದೆ ಎಂಬ ತಪ್ಪು ಕಲ್ಪನೆ ಬಾಡಿಗೆದಾರರಲ್ಲಿ ಬೇರೂರಿತು.

ಅಪಾಯದ ವಲಯವನ್ನು ಗುರುತಿಸಲು ಕಾರ್ಯಕ್ರಮವು ಆರಿಸಿಕೊಂಡ ಅಳತೆಗೋಲು ನೂರು ವರ್ಷದ ನೆರೆ ಎಂದು ಹೆಸರಾಯಿತು. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂದು ಜನ ತಿಳಿಯುವುದುಂಟು. ನಿಜವಾದ ಅರ್ಥ, ಯಾವುದೇ ಒಂದು ವರ್ಷದಲ್ಲಿ ಶೇ. 1ರಷ್ಟು ಸಂಭವವಿರುವ ನೆರೆ ಎಂದು. ಮೂವತ್ತು ವರ್ಷದ ಗೃಹಸಾಲದ ಅವಧಿಯಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವ ಸುಮಾರು ಶೇ. 26 ಎಂದು ಸರ್ಕಾರದ ಪ್ರಕಟಣೆಗಳು ದಶಕಗಳಿಂದ ಹೇಳುತ್ತ ಬಂದಿವೆ. ಈ ಲೆಕ್ಕದ ಅವಧಿಯನ್ನು ಆರಿಸಿದ್ದು ಸಾಲದ ಅವಧಿಯನ್ನು ನೋಡಿ. ಮೂರು ವರ್ಷದ ಮಟ್ಟಿಗೆ ಬಾಡಿಗೆಗೆ ಬಂದವರಿಗೆ ಅದೇ ಸಂಭವ ಶೇ. 3ರ ಹತ್ತಿರಕ್ಕಿಳಿಯುತ್ತದೆ, ಮತ್ತು ಶೇ. 3 ಎಂಬ ಅಂಕಿ ಯಾರನ್ನೂ ಎಚ್ಚರಿಸದು. ಆದರೆ ಈ ಸಮಾಧಾನದಲ್ಲೊಂದು ದೋಷವಿದೆ. ತಗ್ಗು ನೆಲದ ಬಾಡಿಗೆ ಕಡಿಮೆಯಿರುವ ಊರುಗಳಲ್ಲಿ ಒಂದು ಮನೆ ಬಿಟ್ಟವರು ಅಂಥದೇ ಇನ್ನೊಂದು ಮನೆಗೆ ಹೋಗುತ್ತಾರೆ. ಮೂರು ಮೂರು ವರ್ಷದಂತೆ ಹತ್ತು ಮನೆ ಬದಲಿಸಿದವರು ತಮಗರಿವಿಲ್ಲದೆಯೇ ಮೂವತ್ತು ವರ್ಷದ ಪೂರ್ತಿ ಅಪಾಯವನ್ನು ಹೊತ್ತಿರುತ್ತಾರೆ. ಅರ್ಥಶಾಸ್ತ್ರಜ್ಞ ಹೊವಾರ್ಡ್ ಕುನ್ರೂತರ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಹೆಸರಾಂತ ಅಧ್ಯಯನವು, ಸಂಭವ ತೀರ ಕಡಿಮೆಯೆನಿಸಿದಾಗ ಜನ ಅದನ್ನು ತೂಗಿನೋಡದೆ ಪೂರ್ತಿಯಾಗಿ ಬದಿಗಿಡುತ್ತಾರೆಂದು ತೋರಿಸಿತು. ಆ ಅಧ್ಯಯನ ಪ್ರಶ್ನಿಸಿದ್ದೂ ಸ್ವಂತ ಮನೆಯುಳ್ಳವರನ್ನೇ ಎಂಬುದು ವಿದ್ವತ್ತಿನ ಗಮನ ಯಾವ ಕಡೆಗಿತ್ತೆಂಬುದನ್ನು ಹೇಳುತ್ತದೆ.

1979ರಲ್ಲಿ ಸ್ಥಾಪನೆಯಾದ ಫೆಮಾ, ಎಂದರೆ ಒಕ್ಕೂಟ ಸರ್ಕಾರದ ತುರ್ತು ನಿರ್ವಹಣಾ ಸಂಸ್ಥೆ, ಈ ಕಾರ್ಯಕ್ರಮವನ್ನು ತನ್ನ ಅಧೀನಕ್ಕೆ ತೆಗೆದುಕೊಂಡಿತು. 1983ರಿಂದ ಖಾಸಗಿ ಕಂಪನಿಗಳು ತಮ್ಮ ಹೆಸರಿನಲ್ಲೇ ಸರ್ಕಾರದ ಪಾಲಿಸಿಯನ್ನು ಮಾರಿ ಪರಿಹಾರವನ್ನು ಹಂಚುವ ಏರ್ಪಾಡು ಬಂದಿತು. ನಷ್ಟದ ಹೊಣೆ ಸರ್ಕಾರದ್ದಾಗಿಯೇ ಉಳಿಯಿತು. ಅದೇ ವರ್ಷ ನೆಲಮಾಳಿಗೆಯ ಸಾಮಾನಿಗೆ ಸಿಗುತ್ತಿದ್ದ ಪರಿಹಾರವನ್ನು ಬಹಳವಾಗಿ ಕಡಿತಗೊಳಿಸಲಾಯಿತು. ನಾಲ್ಕೂ ಕಡೆ ನೆಲಮಟ್ಟಕ್ಕಿಂತ ಕೆಳಗಿರುವ ಕೋಣೆಯಲ್ಲಿ ಬಟ್ಟೆ ಒಗೆಯುವ ಮತ್ತು ಒಣಗಿಸುವ ಯಂತ್ರ, ಆಹಾರದ ಫ್ರೀಜರ್ ಮುಂತಾದ ಕೆಲವೇ ವಸ್ತುಗಳಿಗೆ ಈಗ ವಿಮೆ ಅನ್ವಯಿಸುತ್ತದೆ. 1993ರಲ್ಲಿ ಮಿಸಿಸಿಪ್ಪಿಯ ಮೇಲಿನ ಕಣಿವೆ ತಿಂಗಳುಗಟ್ಟಲೆ ಮುಳುಗಿದ್ದಾಗ, ನೀರು ಮೇಲಿನಿಂದ ಇಳಿದು ಬರುವುದನ್ನು ನೋಡಿಕೊಂಡೇ ಜನ ಪಾಲಿಸಿ ಕೊಂಡರು, ಏಕೆಂದರೆ ಕೊಂಡ ಐದು ದಿನಕ್ಕೆ ಅದು ಜಾರಿಗೆ ಬರುತ್ತಿತ್ತು. 1994ರ ಸುಧಾರಣಾ ಕಾಯಿದೆ ಆ ಅವಧಿಯನ್ನು 30 ದಿನಕ್ಕೆ ಏರಿಸಿತು, ಮನೆಸಾಮಾನಿನ ಮಿತಿಯನ್ನು 1 ಲಕ್ಷ ಡಾಲರಿಗೂ ಒಂದು ಕುಟುಂಬದ ವಾಸದ ಕಟ್ಟಡದ ಮಿತಿಯನ್ನು 2.5 ಲಕ್ಷ ಡಾಲರಿಗೂ ನಿಗದಿಪಡಿಸಿತು. ಆ ಮಿತಿಗಳು ಇಂದಿಗೂ ಬದಲಾಗಿಲ್ಲ.

ಬಾಡಿಗೆದಾರರು ಕೊಳ್ಳುವ ಪಾಲಿಸಿಯ ಒಳಹೂರಣವನ್ನು ಈ ಬೆಳವಣಿಗೆಯ ಬೆಳಕಿನಲ್ಲಿ ಓದಿದರೆ ಅದರ ಗುಣವೂ ಕೊರತೆಯೂ ಸ್ಪಷ್ಟವಾಗುತ್ತವೆ. ಪೀಠೋಪಕರಣ, ಬಟ್ಟೆ, ವಿದ್ಯುನ್ಮಾನ ಸಾಧನಗಳು ಸೇರುತ್ತವೆ, ಕಾರು ಸೇರುವುದಿಲ್ಲ. ಚಿನ್ನಾಭರಣ, ಕಲಾಕೃತಿ ಮುಂತಾದವುಗಳಿಗೆ ಒಟ್ಟಾರೆ 2,500 ಡಾಲರಿನ ಮಿತಿಯಿದೆ. ಪರಿಹಾರ ಸಿಗುವುದು ಹೊಸ ವಸ್ತುವಿನ ಬೆಲೆಗಲ್ಲ, ಸವಕಳಿ ಕಳೆದು ಉಳಿದ ಬೆಲೆಗೆ. ಎಂಟು ವರ್ಷ ಬಳಸಿದ ಸೋಫಾಕ್ಕೆ ಎಂಟು ವರ್ಷ ಹಳೆಯ ಸೋಫಾದ ಬೆಲೆಯಷ್ಟೇ. ಎಲ್ಲಕ್ಕಿಂತ ಗಂಭೀರವಾದ ಕೊರತೆ, ಮನೆ ವಾಸಕ್ಕೆ ಯೋಗ್ಯವಲ್ಲದಾದಾಗ ಬೇರೆಡೆ ತಂಗುವ ಖರ್ಚು ಈ ಪಾಲಿಸಿಯಲ್ಲಿಲ್ಲ. ಮನೆಯೊಡೆಯರಿಗೆ ಈ ಕೊರತೆ ಕಷ್ಟದ್ದಾದರೂ, ರಿಪೇರಿಯಾದ ಮೇಲೆ ಮರಳಲು ಒಂದು ಮನೆಯಿದೆ. ಬಾಡಿಗೆದಾರರಿಗೆ ನೆರೆಯ ಮರುದಿನದ ಮೊದಲ ಅಗತ್ಯವೇ ಬೇರೆ ಸೂರು, ಅದಕ್ಕೆ ಮುಂಗಡ, ಸಾಗಣೆಯ ಕೂಲಿ. ಒಡೆಯರ ಕಷ್ಟವನ್ನು ಅಳತೆಯಾಗಿಟ್ಟುಕೊಂಡು ಬರೆದ ಪಾಲಿಸಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸಿನ ಏರಿಗಳು ಒಡೆದು ನಗರದ ಶೇ. 80ರಷ್ಟು ಭಾಗ ನೀರಿನಡಿಯಾದಾಗ, ಅಲ್ಲಿನ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆ ಮನೆಗಳಲ್ಲಿದ್ದವು. ಮನುಷ್ಯರು ಕಟ್ಟಿದ ಏರಿ ಒಡೆದು ಬಂದ ನೀರನ್ನು ನೆರೆ ಎನ್ನಬಹುದೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. 2007ರಲ್ಲಿ ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಅದೂ ನೆರೆಯೇ ಎಂದು ತೀರ್ಪಿತ್ತುದರಿಂದ ಸಾಮಾನ್ಯ ವಿಮೆಯ ಬಾಗಿಲು ಮುಚ್ಚಿತು. ಪುನರ್ನಿರ್ಮಾಣಕ್ಕೆಂದು ಲೂಯಿಸಿಯಾನ ರಾಜ್ಯ ರೂಪಿಸಿದ ರೋಡ್ ಹೋಮ್ ಯೋಜನೆಯ ಮುಖ್ಯ ಅನುದಾನ, 1.5 ಲಕ್ಷ ಡಾಲರಿನವರೆಗೆ, ದೊರೆತದ್ದು ಸ್ವಂತ ಮನೆಯುಳ್ಳವರಿಗೆ. ಬಾಡಿಗೆ ಮನೆಗಳಿಗಾಗಿ ಇದ್ದ ಹಣ ಹೋದದ್ದು ಅವುಗಳ ಒಡೆಯರಿಗೆ. ನಾಲ್ಕು ದೊಡ್ಡ ಸಾರ್ವಜನಿಕ ವಸತಿ ಸಮುಚ್ಚಯಗಳನ್ನು ಕೆಡವಲಾಯಿತು. ಅಲ್ಲಿ ಬದುಕಿದ್ದವರಲ್ಲಿ ಅನೇಕರು ಹ್ಯೂಸ್ಟನ್ನಿಗೆ ಹೋದರು, ಮತ್ತೆ ಬಾಡಿಗೆ ಮನೆ ಹಿಡಿದರು. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಬಂದದ್ದು ಅದೇ ಹ್ಯೂಸ್ಟನ್ನಿಗೆ.

ಹಾರ್ವಿಯ ಅನುಭವವು ನಕ್ಷೆಗಳ ಮೇಲಿನ ನಂಬಿಕೆಯನ್ನು ಕದಲಿಸಿತು. ಹ್ಯೂಸ್ಟನ್ ಇರುವ ಹ್ಯಾರಿಸ್ ಜಿಲ್ಲೆಯಲ್ಲಿ ನೀರು ನುಗ್ಗಿದ ಸುಮಾರು 1,54,000 ಮನೆಗಳ ಪೈಕಿ ಮೂರನೇ ಎರಡು ಭಾಗಕ್ಕೂ ಹೆಚ್ಚಿನವು ನೂರು ವರ್ಷದ ನೆರೆಯ ಗೆರೆಯಿಂದ ಹೊರಗಿದ್ದವು ಎಂದು ಜಿಲ್ಲೆಯ ಪ್ರವಾಹ ನಿಯಂತ್ರಣ ಇಲಾಖೆಯೇ ಲೆಕ್ಕ ಕೊಟ್ಟಿತು. ಬೆಂಗಳೂರು, ಮೈಸೂರುಗಳಿಂದ ಎಂಜಿನಿಯರಿಂಗ್ ಮತ್ತು ಸಾಫ್ಟ್‌ವೇರ್ ಉದ್ಯೋಗಕ್ಕೆ ಹ್ಯೂಸ್ಟನ್, ನ್ಯೂ ಜೆರ್ಸಿ ಮುಂತಾದ ಕಡೆಗಳಿಗೆ ಹೋದ ಕನ್ನಡಿಗರಲ್ಲಿ ಬಹುಮಂದಿ ಮೊದಲ ಕೆಲವು ವರ್ಷ ಕಳೆಯುವುದು ಬಾಡಿಗೆಯ ಅಪಾರ್ಟ್‌ಮೆಂಟುಗಳಲ್ಲಿಯೇ ಆದುದರಿಂದ ಈ ಸಂಗತಿ ಅವರಿಗೆ ದೂರದ್ದಲ್ಲ. ಅವರು ಬಿಟ್ಟುಬಂದ ನಾಡಿನ ಪದ್ಧತಿ ಬೇರೆ. ಭಾರತದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಿಗೂ ಕಡ್ಡಾಯಗೊಳಿಸಿದ ಭಾರತ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿ, ಬಿರುಗಾಳಿ, ನೆರೆ ಎಲ್ಲವೂ ಒಂದೇ ಕಡೆ ಸೇರಿವೆ, ಬಾಡಿಗೆದಾರರು ಸಾಮಾನಿಗಷ್ಟೇ ಅದನ್ನು ಪಡೆಯಬಹುದು. ಮನೆಯ ವಿಮೆ ಎಂದರೆ ನೆರೆಯೂ ಸೇರಿದ್ದು ಎಂಬ ತಿಳಿವಳಿಕೆಯನ್ನು ಹೊತ್ತುಕೊಂಡು ಹೋದವರಿಗೆ, ಅಮೆರಿಕದ ಪಾಲಿಸಿಯಲ್ಲಿ ಅದು ಇಲ್ಲವೆಂಬುದು ನೀರು ಬಂದ ಮೇಲೆ ತಿಳಿದರೆ ಆಶ್ಚರ್ಯವಿಲ್ಲ.

ಕತ್ರೀನಾದ ನಂತರ ಕಾರ್ಯಕ್ರಮವು ಖಜಾನೆಯಿಂದ ಸಾಲ ಮಾಡುತ್ತಲೇ ಬಂದು, 2017ರಲ್ಲಿ ಕಾಂಗ್ರೆಸ್ 1,600 ಕೋಟಿ ಡಾಲರ್ ಸಾಲವನ್ನು ರದ್ದುಪಡಿಸಿದ ಮೇಲೂ 2,000 ಕೋಟಿಗೂ ಮೀರಿದ ಸಾಲ ಉಳಿಯಿತು. ಕಂತನ್ನು ನಿಜವಾದ ಅಪಾಯಕ್ಕೆ ಹೊಂದಿಸಬೇಕೆಂಬ ಒತ್ತಡದಿಂದ 2021ರ ಅಕ್ಟೋಬರಿನಲ್ಲಿ ಹೊಸ ದರಪದ್ಧತಿ ಜಾರಿಗೆ ಬಂದಿತು. ನಕ್ಷೆಯ ವಲಯದ ಬದಲು ನೀರಿನ ಮೂಲದಿಂದ ಇರುವ ದೂರ, ನೆಲದ ಎತ್ತರ, ಕಟ್ಟಡದ ಬಗೆ, ಬಿಡಾರ ಯಾವ ಮಹಡಿಯಲ್ಲಿದೆ ಎಂಬಂಥ ವಿವರಗಳಿಂದ ಈಗ ಕಂತು ನಿರ್ಧಾರವಾಗುತ್ತದೆ. ಬಾಡಿಗೆದಾರರ ಯೋಚನೆಗೆ ಇದು ಹಳೆಯ ಗೆರೆಗಿಂತ ಹೆಚ್ಚು ಪ್ರಾಮಾಣಿಕವಾದ ಆಧಾರ. ಮೇಲಿನ ಮಹಡಿಯ ಸಂಸಾರಕ್ಕೂ ನೆಲಮಹಡಿಯ ಸಂಸಾರಕ್ಕೂ ಒಂದೇ ವಿಳಾಸವಿದ್ದರೂ ನಷ್ಟದ ಸಂಭವ ಒಂದೇ ಅಲ್ಲ. ನೆಲಮಹಡಿಯಲ್ಲಿ ಬದುಕುವವರು, ಕಳೆದುಕೊಂಡ ಸಾಮಾನನ್ನು ಕೈಯಲ್ಲಿರುವ ಉಳಿತಾಯದಿಂದ ಮತ್ತೆ ಕೊಳ್ಳಲಾರದವರಾಗಿದ್ದರೆ, ಸವಕಳಿ ಕಳೆದ ಪರಿಹಾರವೂ ಅವರಿಗೆ ದೊಡ್ಡ ಆಸರೆಯೇ. ದುರಂತದ ನಂತರ ಸರ್ಕಾರ ಕೊಡುವ ನೆರವನ್ನು ನೆಚ್ಚಿಕೊಳ್ಳುವುದು ಇದಕ್ಕೆ ಬದಲಿಯಲ್ಲ. ಆ ನೆರವು ಬಹುಮಟ್ಟಿಗೆ ಅಧ್ಯಕ್ಷರು ವಿಪತ್ತು ಘೋಷಿಸಿದಾಗಲೇ ಬರುತ್ತದೆ, ಮತ್ತು ಅದರಲ್ಲಿ ದೊಡ್ಡ ಪಾಲು ಹಿಂದಿರುಗಿಸಬೇಕಾದ ಕಡಿಮೆ ಬಡ್ಡಿಯ ಸಾಲ.

ತೀರ್ಮಾನ ಮಾಡಬೇಕಾದವರಿಗೆ ಬೇಕಾದ ಮೊದಲ ಮಾಹಿತಿ, ಈ ಮನೆಗೆ ಹಿಂದೆ ನೀರು ನುಗ್ಗಿತ್ತೇ ಎಂಬುದು. ಒಡೆಯರಿಗೆ ಗೊತ್ತಿರುವ ಇದನ್ನು ಬಾಡಿಗೆದಾರರಿಗೆ ತಿಳಿಸಬೇಕೆಂಬ ನಿಯಮ ಬಹುತೇಕ ರಾಜ್ಯಗಳಲ್ಲಿ ಇತ್ತೀಚಿನವರೆಗೂ ಇರಲಿಲ್ಲ. ಹಾರ್ವಿಯ ನೆನಪಿನಲ್ಲಿ ಟೆಕ್ಸಸ್ ಮಾಡಿದ ಕಾನೂನು 2022ರ ಜನವರಿ 1ರಿಂದ ಜಾರಿಗೆ ಬಂದಿತು. ಮನೆ ನೂರು ವರ್ಷದ ನೆರೆಬಯಲಿನಲ್ಲಿದೆಯೇ, ಹಿಂದಿನ ಐದು ವರ್ಷಗಳಲ್ಲಿ ನೆರೆಯಿಂದ ಹಾನಿಗೊಂಡಿದೆಯೇ ಎಂದು ಒಡೆಯರು ಬರೆದುಕೊಡಬೇಕು, ಸಾಮಾನ್ಯ ಬಾಡಿಗೆದಾರರ ವಿಮೆಯಲ್ಲಿ ನೆರೆ ಸೇರಿರುವುದಿಲ್ಲವೆಂಬ ಸೂಚನೆಯನ್ನೂ ಕೊಡಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2023ರ ಜೂನಿನಿಂದ ವಾಸದ ಮನೆಗಳ ಬಾಡಿಗೆ ಕರಾರಿನಲ್ಲಿ ನೆರೆಯ ಅಪಾಯ ಮತ್ತು ಹಿಂದಿನ ಹಾನಿಯ ವಿವರವಿರಬೇಕಾಯಿತು, ನ್ಯೂ ಜೆರ್ಸಿ 2024ರ ಮಾರ್ಚಿನಿಂದ ಅಂಥದೇ ನಿಯಮವನ್ನು ಜಾರಿಗೊಳಿಸಿತು. 1968ರ ಕಾಯಿದೆ ಬಾಡಿಗೆದಾರರಿಗೆ ವಿಮೆಯ ಹಕ್ಕನ್ನು ಕೊಟ್ಟ ಅರ್ಧ ಶತಮಾನದ ಬಳಿಕ ಅದನ್ನು ತಿಳಿದು ಬಳಸುವ ಹಕ್ಕು ಹೀಗೆ ಒಂದೊಂದೇ ರಾಜ್ಯದಲ್ಲಿ ರೂಪ ಪಡೆಯುತ್ತಿದೆ.

ಈ ಕಾನೂನುಗಳ ಕೈಗೆ ನಿಲುಕದವರು ಇನ್ನೂ ಇದ್ದಾರೆ. 2021ರ ಸೆಪ್ಟೆಂಬರ್ 1ರ ರಾತ್ರಿ ಇಡಾ ಚಂಡಮಾರುತದ ಉಳಿಕೆಯ ಮೋಡಗಳು ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3 ಅಂಗುಲಕ್ಕೂ ಹೆಚ್ಚು ಮಳೆ ಸುರಿಸಿದಾಗ, ನಗರದಲ್ಲಿ ಸತ್ತ 13 ಮಂದಿಯಲ್ಲಿ 11 ಮಂದಿ ನೆಲಮಾಳಿಗೆಯ ಬಿಡಾರಗಳಲ್ಲಿದ್ದರು. ದುಬಾರಿ ನಗರದಲ್ಲಿ ಕಡಿಮೆ ಬಾಡಿಗೆಗೆ ಸಿಗುವ ಇಂಥ ಬಿಡಾರಗಳು ಹತ್ತಾರು ಸಾವಿರ ಇವೆ. ಅವುಗಳಲ್ಲಿ ಬಹುಪಾಲಿಗೆ ನಗರದ ಪರವಾನಗಿಯಿಲ್ಲ, ಎಷ್ಟೋ ಕಡೆ ಲಿಖಿತ ಕರಾರೂ ಇಲ್ಲ, ಕರಾರಿಲ್ಲದ ಕಡೆ ನೆರೆಯ ವಿವರವನ್ನು ಬರೆಯುವ ಕಾಗದವೇ ಇರುವುದಿಲ್ಲ. ಅಲ್ಲಿನ ನಿವಾಸಿಗಳು ಪ್ರವಾಹ ವಿಮೆಯ ವಿಚಾರವನ್ನು ಹೇಗೋ ತಿಳಿದು, ಕಂತು ಕಟ್ಟಲು ಸಿದ್ಧರಾಗಿ ಮುಂದೆ ಬಂದರೂ, 1983ರಿಂದ ಉಳಿದುಬಂದಿರುವ ನೆಲಮಾಳಿಗೆಯ ಷರತ್ತಿನ ಪ್ರಕಾರ ಅವರ ಹಾಸಿಗೆ, ಬಟ್ಟೆ, ಮಕ್ಕಳ ಪುಸ್ತಕ, ಅಡುಗೆಯ ಪಾತ್ರೆ ಇವು ಯಾವುದಕ್ಕೂ ಆ ಪಾಲಿಸಿಯಲ್ಲಿ ಪರಿಹಾರವಿಲ್ಲ.